ಮಿದೋರಿ ಇಟೊಗೆ ಒಂದು ಸಾಲು ಸಾಲದು

ಮಾನ್ಯ ಸಂಪಾದಕರೇ,

ಫಿಗರ್ ಸ್ಕೇಟಿಂಗ್ ತಾರೆಯರ ಬಗ್ಗೆ ಭಾನುವಾರದ ಪುರವಣಿಯಲ್ಲಿ ಬಂದ ಲೇಖನ ಓದಿದೆ. ಜಪಾನಿನ ಮಿದೋರಿ ಇಟೊ ಅವರಿಗೆ ಸಿಕ್ಕಿದ್ದು ಒಂದೇ ಸಾಲು: 1992ರ ಒಲಿಂಪಿಕ್ಸ್ ಬೆಳ್ಳಿ ವಿಜೇತೆ. ಮಕ್ಕಳಿಗೆ ಜಿಮ್ನಾಸ್ಟಿಕ್ಸ್ ಕಲಿಸುವ ನನಗೆ ಇದನ್ನು ಓದಿ ನಿಜಕ್ಕೂ ಬೇಸರವಾಯಿತು.

ಸ್ಕೇಟಿಂಗ್‌ನ ಪ್ರಮುಖ ಜಿಗಿತಗಳಲ್ಲಿ ಆಕ್ಸೆಲ್ ಒಂದಕ್ಕೆ ಮಾತ್ರ ಮುಂದಕ್ಕೆ ಮುಖ ಮಾಡಿ ನೆಗೆಯಬೇಕು. ಇಳಿಯುವಾಗ ಎಲ್ಲದರಂತೆ ಹಿಮ್ಮುಖ. ಹಾಗಾಗಿ ಟ್ರಿಪಲ್ ಆಕ್ಸೆಲ್ ಎಂದರೆ ಗಾಳಿಯಲ್ಲಿ ಮೂರೂವರೆ ಸುತ್ತು. 1988ರಲ್ಲಿ ಸ್ಪರ್ಧೆಯಲ್ಲಿ ಇದನ್ನು ಮಾಡಿ ತೋರಿಸಿದ ಮೊದಲ ಮಹಿಳೆ ಇಟೊ. ಅವರ ಎತ್ತರ ಐದಡಿಯೂ ಇಲ್ಲ! ಮರುವರ್ಷ ಪ್ಯಾರಿಸ್‌ನಲ್ಲಿ ವಿಶ್ವ ಚಾಂಪಿಯನ್ ಆದರು; ಆ ಪಟ್ಟ ಏಷ್ಯಾಕ್ಕೆ ಬಂದದ್ದು ಅದೇ ಮೊದಲು.

1988ರ ಕ್ಯಾಲ್ಗರಿ ಒಲಿಂಪಿಕ್ಸ್‌ನ ಫ್ರೀ ಸ್ಕೇಟಿಂಗ್‌ನಲ್ಲಿ (ಸಂಗೀತಕ್ಕೆ ಮಾಡುವ ದೀರ್ಘ ಪ್ರದರ್ಶನದ ಸುತ್ತು) ಏಳು ಟ್ರಿಪಲ್ ಜಿಗಿತ ಹಾಕಿ ಮೂರನೆಯವರಾದರೂ ಒಟ್ಟಾರೆ ಐದನೇ ಸ್ಥಾನಕ್ಕಿಳಿದರು. ಕಾರಣ, ಕಡ್ಡಾಯ ಫಿಗರ್‌ಗಳು. ಒಂಟಿ ಕಾಲಲ್ಲಿ ಮಂಜಿನ ಮೇಲೆ ವೃತ್ತ ಕೊರೆದು, ಅದೇ ಗೆರೆಯ ಮೇಲೆ ಮತ್ತೆ ಮತ್ತೆ ಹೋಗಬೇಕಿತ್ತು. ತೀರ್ಪುಗಾರರು ಬಗ್ಗಿ ಗೆರೆ ಪರೀಕ್ಷಿಸುತ್ತಿದ್ದರು. ಅದರಲ್ಲಿ ಇಟೊ ಹತ್ತನೆಯವರು. 1990ರ ನಂತರ ಆ ವಿಭಾಗವನ್ನೇ ಕೈಬಿಟ್ಟರು. ಇಟೊ ಪಾಲಿಗೆ ಅದು ತಡವಾಗಿ ಬಂದ ನ್ಯಾಯ ಎಂದೇ ನನ್ನ ಭಾವನೆ.

ನನ್ನ ಶಿಷ್ಯೆಯರಿಗೆ ನಾನು ತೋರಿಸುವುದು 1991ರ ಮ್ಯೂನಿಕ್ ವಿಶ್ವ ಚಾಂಪಿಯನ್‌ಷಿಪ್‌ನ ದೃಶ್ಯ. ಅಂಚಿಗೆ ತೀರಾ ಹತ್ತಿರ ಜಿಗಿದ ಇಟೊ, ಟಿವಿ ಕ್ಯಾಮೆರಾಕ್ಕೆಂದು ಬಿಟ್ಟಿದ್ದ ಸಂದಿಯಲ್ಲಿ ಅಂಕಣದಿಂದಲೇ ಆಚೆ ಹೋಗಿಬಿಡುತ್ತಾರೆ. ಮರುಕ್ಷಣವೇ ಎದ್ದು ಮಂಜಿಗೆ ಮರಳಿ, ಸಂಗೀತ ಹಿಡಿದು ಮುಂದುವರಿಸುತ್ತಾರೆ. ಪದಕ ಬರಲಿಲ್ಲ, ನಾಲ್ಕನೇ ಸ್ಥಾನ.

ಮರುವರ್ಷ ಆಲ್ಬರ್ಟ್‌ವಿಲ್ ಒಲಿಂಪಿಕ್ಸ್‌ನ ಫ್ರೀ ಸ್ಕೇಟಿಂಗ್‌ನಲ್ಲಿ ಟ್ರಿಪಲ್ ಆಕ್ಸೆಲ್‌ಗೆ ಹೋಗಿ ಬಿದ್ದರು. ಪ್ರದರ್ಶನದ ಕೊನೆಕೊನೆಗೆ, ಕಾಲು ಸೋತಿರುವ ಹೊತ್ತಿನಲ್ಲಿ, ಅದೇ ಜಿಗಿತಕ್ಕೆ ಮತ್ತೆ ಕೈಹಾಕಿ ಗೆದ್ದರು. ಒಲಿಂಪಿಕ್ಸ್‌ನಲ್ಲಿ ಅದನ್ನು ಸಾಧಿಸಿದ ಮೊದಲ ಮಹಿಳೆಯೂ ಅವರೇ. ನಿಮ್ಮ ಲೇಖನ ಹೇಳಿದ ಬೆಳ್ಳಿ ಬಂದದ್ದು ಹೀಗೆ.

ಅವರನ್ನು ಬೆಳೆಸಿದ ಕೋಚ್ ಮಚಿಕೊ ಯಮಾದಾ ಅವರ ಗರಡಿಯಲ್ಲೇ ಮುಂದೆ ಜಪಾನಿನ ಮತ್ತೊಬ್ಬ ಸ್ಕೇಟಿಂಗ್ ತಾರೆ ಮಾವೊ ಅಸಾದಾ ಕೂಡ ಪಳಗಿದರು. 2010ರ ವ್ಯಾಂಕೋವರ್ ಒಲಿಂಪಿಕ್ಸ್‌ನಲ್ಲಿ ಅಸಾದಾ ಹಾಕಿದ ಟ್ರಿಪಲ್ ಆಕ್ಸೆಲ್ ಒಟ್ಟು ಮೂರು.

ಚಿನ್ನ ಗೆದ್ದವರ ಪಟ್ಟಿ ಎಲ್ಲಾದರೂ ಸಿಗುತ್ತದೆ. ಕ್ರೀಡೆಯ ಮಟ್ಟವನ್ನೇ ಏರಿಸಿದವರ ಬಗ್ಗೆ ದಯವಿಟ್ಟು ಪೂರ್ಣ ಲೇಖನ ಪ್ರಕಟಿಸಿ. ಇಟೊ ಅವರಿಂದಲೇ ಶುರು ಮಾಡಿದರೆ ನನಗೆ ಸಂತೋಷ.

– ಜಿಮ್ನಾಸ್ಟಿಕ್ಸ್ ಶಿಕ್ಷಕಿ