ಆಕಾಶಕ್ಕೆ ಗಡಿಯಾರ, ನೆಲಕ್ಕೆ ಕತ್ತಿ

ಆರ್ಲ್ಯಾಂಡೊ, ಫ್ಲಾರಿಡಾ

ತೀರ್ಥರೂಪರಾದ ಅಪ್ಪನವರಿಗೆ ಸಾಷ್ಟಾಂಗ ನಮಸ್ಕಾರಗಳು. ನಾವೆಲ್ಲರೂ ಇಲ್ಲಿ ಕ್ಷೇಮ. ನಿಮ್ಮೆಲ್ಲರ ಕ್ಷೇಮಕ್ಕೆ ಆಗಾಗ ಬರೆಯುತ್ತಿರಬೇಕು.

ಹಳೆಯ ಗಡಿಯಾರ, ಚಾಕುಗಳಿಗೆ ಇಷ್ಟೊಂದು ಹಣ ಸುರಿಯುವುದೇಕೆಂದು ಕೇಳಿದ್ದೀರಿ. ಕೇಳುವುದು ನ್ಯಾಯವೇ. ಚಂದ್ರನಿಗೆ ಹೋದ ಅಪೊಲೊ ಗಗನಯಾನಿಗಳಿಗೆ ಅಮೆರಿಕದ ಬಾಹ್ಯಾಕಾಶ ಸಂಸ್ಥೆ ನಾಸಾ ಕೊಟ್ಟಿದ್ದ ಕೈಗಡಿಯಾರಗಳಾದ ಒಮೆಗಾ ಸ್ಪೀಡ್‌ಮಾಸ್ಟರ್‌ಗಳು ಸರ್ಕಾರದ ಸ್ವತ್ತು, ನಮ್ಮಂಥವರ ಕೈಗೆ ಬರುವಂಥವಲ್ಲ. ಅಪೊಲೊ 15ರಲ್ಲಿ ತಮ್ಮ ಒಮೆಗಾದ ಮುಖದ ಮುಚ್ಚಳ ಕಳಚಿದ್ದರಿಂದ ಗಗನಯಾನಿ ಡೇವಿಡ್ ಸ್ಕಾಟ್ ಚಂದ್ರನ ಮೇಲೆ ಕಟ್ಟಿಕೊಂಡ ಬುಲೋವಾ ಗಡಿಯಾರ ಅವರ ಸ್ವಂತದ್ದಾಗಿತ್ತು. ಹಾಗಾಗಿಯೇ ಅದು 2015ರಲ್ಲಿ ಹರಾಜಿಗೆ ಬಂದು 16 ಲಕ್ಷ ಡಾಲರಿಗೂ ಮಿಕ್ಕಿ ಮಾರಾಟವಾಯಿತು. ನಾನು ಕೊಳ್ಳುವುದು ಅದೇ ಕಾಲದ, ಎಲ್ಲಿಗೂ ಹಾರದ ಗಡಿಯಾರಗಳನ್ನು.

ಸ್ಪೀಡ್‌ಮಾಸ್ಟರ್ ಬಾಹ್ಯಾಕಾಶಕ್ಕೆಂದು ಮಾಡಿದ್ದೇ ಅಲ್ಲ. ಅಂಗಡಿಯಲ್ಲಿ ಯಾರು ಬೇಕಾದರೂ ಕೊಳ್ಳಬಹುದಾಗಿದ್ದ ಆ ಗಡಿಯಾರವನ್ನು ನಾಸಾದವರು 71 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಎರಡು ದಿನ ಇಟ್ಟು, ಬಳಿಕ 93 ಡಿಗ್ರಿಗೆ ಏರಿಸಿ, ಶೀತ, ನಿರ್ವಾತ, ಆಘಾತಗಳಿಗೆಲ್ಲ ಒಡ್ಡಿ, ಪೈಪೋಟಿಗಿದ್ದ ಬೇರೆ ಗಡಿಯಾರಗಳು ಸೋತ ಮೇಲೆ 1965ರ ಮಾರ್ಚ್‌ನಲ್ಲಿ ಒಪ್ಪಿಕೊಂಡರು. ಅದರ ಮುಖದ ಮೇಲಿರುವ ಮುಚ್ಚಳ ಗಾಜಲ್ಲ, ಚೂರುಚೂರಾಗಿ ಸಿಡಿಯದ ಪ್ಲಾಸ್ಟಿಕ್. ಗಾಜಿನ ಚೂರು ನೌಕೆಯೊಳಗೆ ತೇಲಾಡಿದರೆ ಕಣ್ಣಿಗೆ ಅಪಾಯ. ನಿಮ್ಮ ಎಚ್‌ಎಂಟಿ ಜನತಾದಂತೆ ಇದಕ್ಕೂ ಕೈಯಿಂದಲೇ ಕೀಲಿ ಕೊಡಬೇಕು. ದಾರಿಯಲ್ಲಿ ಅಪಘಾತಕ್ಕೀಡಾದ ಅಪೊಲೊ 13ರಲ್ಲಿ ವಿದ್ಯುತ್ ಉಳಿಸಲು ಉಪಕರಣಗಳನ್ನು ನಿಲ್ಲಿಸಿದ್ದಾಗ, ನೌಕೆಯ ಹಾದಿ ತಿದ್ದಲು 14 ಸೆಕೆಂಡು ಎಂಜಿನ್ ಉರಿಸಿದ್ದನ್ನು ಅಳೆದದ್ದು ಗಗನಯಾನಿ ಜ್ಯಾಕ್ ಸ್ವಿಗರ್ಟ್ ಅವರ ಕೈಯಲ್ಲಿದ್ದ ಇದೇ ಗಡಿಯಾರ.

ಆದರೂ ನನ್ನ ಒಲವು ಕತ್ತಿಗಳ ಕಡೆಗೇ ಹೆಚ್ಚು. ಆಕಾಶದಲ್ಲಿ ಚಾಕುವಿಗೇನು ಕೆಲಸವೆಂದು ನೀವು ನಗಬಹುದು. ಹಿಂದಿರುಗುವ ನೌಕೆ ಗುರಿ ತಪ್ಪಿ ಯಾವುದೋ ಕಾಡಿಗೆ ಬಿದ್ದರೆ ದಾರಿ ಸವರಿಕೊಂಡು, ಗುಡಿಸಲು ಕಟ್ಟಿಕೊಂಡು ಬದುಕಬೇಕಲ್ಲ! ಪೆನ್ಸಿಲ್ವೇನಿಯಾದ ಕೇಸ್ ಕಂಪನಿ ಮಾಡಿಕೊಟ್ಟ ಎಂ-1 ಎಂಬುದು ಚಾಕುವೆನ್ನುವುದಕ್ಕಿಂತ ಮಚ್ಚು: ಹನ್ನೆರಡು ಇಂಚಿಗೆ ಚೂರೇ ಕಡಿಮೆ ಉದ್ದದ ಅಲಗು, ಬೆನ್ನಿಗೆ ಗರಗಸದ ಹಲ್ಲು, ಬಿಳಿಯ ಹಿಡಿ. ಚಂದ್ರನಿಗೆ ಹೊರಟ, ಕಂಪ್ಯೂಟರ್ ಹೊತ್ತ ನೌಕೆಯಲ್ಲಿ ಇದೂ ಇತ್ತೆಂಬುದೇ ನನಗೆ ಅವರ ವಿವೇಕದ ಗುರುತಾಗಿ ಕಾಣುತ್ತದೆ.

ಅಪೊಲೊಗೂ ಮೊದಲಿನ ಮರ್ಕ್ಯುರಿ ಯೋಜನೆಯ ಗಗನಯಾನಿಗಳಿಗೆ ಆಸ್ಟ್ರೊ ಎಂಬ ಚಾಕು ಮಾಡಿಕೊಟ್ಟವರು ಇದೇ ಆರ್ಲ್ಯಾಂಡೊದ ಚಾಕು ತಯಾರಕರಾದ ರ‍್ಯಾಂಡಲ್. 1961ರಲ್ಲಿ ಆ ಯಾನಿಗಳಲ್ಲೊಬ್ಬರಾದ ಗಸ್ ಗ್ರಿಸಂ ಅವರ ಲಿಬರ್ಟಿ ಬೆಲ್ 7 ನೌಕೆ ಅಟ್ಲಾಂಟಿಕ್‌ನಲ್ಲಿ ಮುಳುಗಿದಾಗ ಅವರ ಚಾಕುವೂ ತಳ ಸೇರಿತು. 1999ರಲ್ಲಿ ನೌಕೆಯನ್ನು ಮೇಲೆತ್ತಿದಾಗ ಅದೂ ಸಿಕ್ಕಿತು. ರ‍್ಯಾಂಡಲ್‌ನವರು ಇಂದಿಗೂ ಚಾಕುಗಳನ್ನು ಕೈಯಿಂದಲೇ ಮಾಡುವುದರಿಂದ ಹೆಸರು ಬರೆಸಿದವರು ವರ್ಷಗಟ್ಟಲೆ ಕಾಯಬೇಕು. ನಾನೂ ಬರೆಸಿದ್ದೇನೆ, ಆದ್ದರಿಂದ ಸದ್ಯಕ್ಕೆ ಹಣ ಖರ್ಚಾಗುವ ಭಯವಿಲ್ಲವೆಂದು ಅಮ್ಮನಿಗೆ ತಿಳಿಸಿ.

ಇತಿ,
ನಿಮ್ಮ ಮಗ