ಪುಟ್ಟಿ ಸ್ಕೂಲು ಬಿಟ್ಟಿಲ್ಲ, ಅಪ್ಪ

ಬಾತೆಲ್, ವಾಷಿಂಗ್ಟನ್ ರಾಜ್ಯ
ಮಾರ್ಚ್ 23

ತೀರ್ಥರೂಪು ಅಪ್ಪನಿಗೆ, ಅಮ್ಮನಿಗೆ ನಿಮ್ಮ ಮಗಳು ಮಾಡುವ ನಮಸ್ಕಾರಗಳು.

ಇಲ್ಲಿ ಎಲ್ಲರೂ ಕ್ಷೇಮ. ಅಮ್ಮನ ಮಂಡಿ ನೋವು ಈಗ ಹೇಗಿದೆ? ಎಣ್ಣೆ ಹಚ್ಚಿದರೆ ಸಾಲದು, ಡಾಕ್ಟರು ಹೇಳಿದ ವ್ಯಾಯಾಮವನ್ನೂ ಮಾಡಲಿ. ಇದನ್ನು ನೀವೇ ಓದಿ ಹೇಳಿ, ನಾನು ಹೇಳಿದರೆ ಕೇಳಲ್ಲ.

ಹೋದ ವಾರ ಫೋನಿನಲ್ಲಿ ನೀವು ಒಂದೇ ಉಸಿರಿಗೆ ಮೂರು ಪ್ರಶ್ನೆ ಕೇಳಿದಿರಿ. ಹನ್ನೊಂದನೇ ಕ್ಲಾಸಿನ ಹುಡುಗಿ ಕಾಲೇಜಿಗೆ ಹೋಗುತ್ತಿದ್ದಾಳೆ ಅಂದರೆ ಸ್ಕೂಲು ಬಿಟ್ಟಳಾ? ಡಬಲ್ ಪ್ರಮೋಷನ್ ಕೊಟ್ಟರಾ? ಇದರಿಂದ ಮುಂದೆ ಸೀಟು ಗ್ಯಾರಂಟಿನಾ? ಅಷ್ಟರಲ್ಲಿ ಲೈನ್ ಹೋಯಿತು. ಮೂರಕ್ಕೂ ‘ಇಲ್ಲ’ ಅನ್ನುವುದೇ ಉತ್ತರ. ಆದರೆ ಬರೀ ಇಲ್ಲ ಅಂದರೆ ನಿಮಗೆ ಸಮಾಧಾನ ಆಗಲ್ಲ ಅಂತ ಗೊತ್ತು. ಅದಕ್ಕೇ ಈ ಕಾಗದ.

ನಿಮ್ಮ ಮೊಮ್ಮಗಳು ಪುಟ್ಟಿ ಬೆಳಿಗ್ಗೆ ಸ್ಕೂಲಿಗೇ ಹೋಗುತ್ತಾಳೆ. ಅಲ್ಲಿ ಅಮೆರಿಕದ ಚರಿತ್ರೆ, ಕೆಮಿಸ್ಟ್ರಿ, ಆಮೇಲೆ ಅವಳ ಆರ್ಕೆಸ್ಟ್ರಾ. ಮಧ್ಯಾಹ್ನದ ಮೇಲೆ ಬಸ್ಸು ಹಿಡಿದು ಕ್ಯಾಸ್ಕೇಡಿಯಾ ಕಾಲೇಜಿಗೆ ಹೋಗುತ್ತಾಳೆ. ಬಸ್ಸಿಗೆ ದುಡ್ಡು ಕೊಡಬೇಕಿಲ್ಲ. ಇಲ್ಲಿ 2022ರಿಂದ ಹದಿನೆಂಟು ವರ್ಷದವರೆಗಿನ ಮಕ್ಕಳಿಗೆ ಬಸ್ಸು ಫ್ರೀ, ನಮ್ಮಲ್ಲಿ ಶಕ್ತಿ ಯೋಜನೆಯಲ್ಲಿ ಅಮ್ಮ ಶಿವಮೊಗ್ಗಕ್ಕೆ ಹೋಗಿ ಬರುತ್ತಾರಲ್ಲ, ಹಾಗೇ.

ಈ ಏರ್ಪಾಡಿಗೆ ರನ್ನಿಂಗ್ ಸ್ಟಾರ್ಟ್ ಅಂತ ಹೆಸರು. ವಾಷಿಂಗ್ಟನ್ ರಾಜ್ಯ 1990ರಲ್ಲಿ ಕಾನೂನು ಮಾಡಿ ತಂದದ್ದು. ಹನ್ನೊಂದು, ಹನ್ನೆರಡನೇ ಕ್ಲಾಸಿನ ಮಕ್ಕಳು ಹತ್ತಿರದ ಕಮ್ಯುನಿಟಿ ಕಾಲೇಜಿನಲ್ಲಿ, ಅಂದರೆ ಮುಖ್ಯವಾಗಿ ಎರಡು ವರ್ಷದ ಡಿಗ್ರಿ ಕೊಡುವ ಸರ್ಕಾರಿ ಕಾಲೇಜಿನಲ್ಲಿ, ಕೂತು ಪಾಠ ಕೇಳಬಹುದು. ಪಾಠದ ಫೀಸು ಕಟ್ಟಬೇಕಿಲ್ಲ. ಸ್ಕೂಲಿಗೆ ಸರ್ಕಾರ ಕೊಡುವ ದುಡ್ಡಿನಲ್ಲಿ ಆ ಮಗುವಿನ ಪಾಲು ಬಹುಮಟ್ಟಿಗೆ ಕಾಲೇಜಿಗೆ ಹೋಗುತ್ತದೆ. ಪುಸ್ತಕ, ಲ್ಯಾಬು, ಸಣ್ಣಪುಟ್ಟ ಫೀಸು ನಮ್ಮದು. ಬಡವರ ಮಕ್ಕಳಿಗೆ ಆ ಫೀಸಿನಲ್ಲೂ ವಿನಾಯಿತಿ ಇದೆ. ಮಿನ್ನೆಸೋಟಾ ರಾಜ್ಯದವರು ಇಂಥದ್ದನ್ನು 1985ರಲ್ಲೇ ಶುರು ಮಾಡಿದ್ದರು. ಈಗ ಬೇರೆ ಬೇರೆ ಹೆಸರಿನಲ್ಲಿ ಬಹಳ ಕಡೆ ಇದೆ.

ಲೆಕ್ಕ ಹೇಗೆ ಅಂದರೆ, ಇಲ್ಲಿ ಸ್ಕೂಲು ಮುಗಿಸಲು 24 ಕ್ರೆಡಿಟ್ ಬೇಕು. ಒಂದು ವಿಷಯವನ್ನು ವರ್ಷಪೂರ್ತಿ ಓದಿದರೆ ಒಂದು ಕ್ರೆಡಿಟ್. ಕಾಲೇಜಿನಲ್ಲಾದರೆ ಐದು ಕ್ರೆಡಿಟ್ಟಿನ ಒಂದು ಕೋರ್ಸ್ ಮಾಡಿದರೆ ಅದು ಸ್ಕೂಲಿನ ಒಂದು ಕ್ರೆಡಿಟ್ಟಿಗೆ ಸಮ. ಆ ಕೋರ್ಸ್ ಹನ್ನೊಂದು ವಾರದಲ್ಲಿ ಮುಗಿದೇ ಹೋಗುತ್ತದೆ. ಒಂದು ಓದು, ಎರಡು ಕಡೆ ಜಮಾ. ಕೇಳಲು ಚೆನ್ನಾಗಿದೆ ಅಲ್ವಾ? ವರ್ಷದ ಪಾಠವನ್ನು ಹನ್ನೊಂದು ವಾರಕ್ಕೆ ತುರುಕಿದರೆ ಹೇಗಿರುತ್ತದೆ ಅಂತ ನಾಲ್ಕನೇ ವಾರಕ್ಕೆ ಪುಟ್ಟಿಗೆ ಗೊತ್ತಾಯಿತು. ಕ್ಯಾಲ್ಕುಲಸ್ ಮೊದಲ ಟೆಸ್ಟಿನ ದಿನ ಮನೆಗೆ ಬಂದವಳು ಶೂಸೂ ಬಿಚ್ಚದೆ ಮೆಟ್ಟಿಲ ಮೇಲೆ ಕೂತಿದ್ದಳು. ಆಮೇಲೆ ಸರಿಹೋಯಿತು.

ನಿಮಗೆ ನಗು ಬರುವ ಸಂಗತಿ ಹೇಳುತ್ತೇನೆ. ಮ್ಯಾತ್ 151 ಅಂತ ಇವರು ಕಾಲೇಜಿನಲ್ಲಿ ಕಲಿಸುವುದು ಬಹುಪಾಲು ನೀವು ಮೂವತ್ತು ವರ್ಷ ಸೆಕೆಂಡ್ ಪಿಯುಸಿ ಮಕ್ಕಳಿಗೆ ಬೋರ್ಡಿನ ಮೇಲೆ ಬರೆದದ್ದೇ. ಲಿಮಿಟ್ಸು, ಡಿಫರೆನ್ಷಿಯೇಷನ್ನು, ಮ್ಯಾಕ್ಸಿಮಾ ಮಿನಿಮಾ. ತೀರ್ಥಹಳ್ಳಿಯ ಹುಡುಗರು ಹದಿನೇಳಕ್ಕೇ ಅದನ್ನು ಮಾಡಿ, ಪರೀಕ್ಷೆ ಬರೆದು, ಮರೆತೂ ಬಿಡುತ್ತಾರೆ. ಅವರಿಗೆ ಯಾರೂ ಕಾಲೇಜು ಕ್ರೆಡಿಟ್ ಕೊಡಲ್ಲ. ಇಲ್ಲಿ ಅದನ್ನೇ ಮಾಡಿದ್ದಕ್ಕೆ ಪುಟ್ಟಿ ಅರ್ಧ ಇಂಜಿನಿಯರು ಆದ ಹಾಗೆ ನಮ್ಮ ಗೆಳೆಯರ ಬಳಗದಲ್ಲಿ ಮಾತು! ಆದರೆ ಒಂದು ವ್ಯತ್ಯಾಸ ಇದೆ. ಅವಳ ಬೆಂಚಿನಲ್ಲಿ ಕೂರುವವರಲ್ಲಿ ಒಬ್ಬರು ಗೋದಾಮಿನಲ್ಲಿ ಫೋರ್ಕ್‌ಲಿಫ್ಟ್ ಓಡಿಸುವವರು, ನಿಮ್ಮ ಅಳಿಯನ ವಯಸ್ಸು. ರಾತ್ರಿ ಪಾಳಿ ಮುಗಿಸಿ, ಸ್ವಲ್ಪ ನಿದ್ದೆ ಮಾಡಿ, ಕ್ಲಾಸಿಗೆ ಬರುತ್ತಾರೆ. ಇನ್ನೊಬ್ಬರು ಎರಡು ಮಕ್ಕಳ ತಾಯಿ. ಚೈನ್ ರೂಲ್ ಅರ್ಥವಾಗದೆ ಇದ್ದಾಗ ಆ ಫೋರ್ಕ್‌ಲಿಫ್ಟಿನವರು ಕೈ ಎತ್ತಿ, ‘ನನಗೆ ಗೊತ್ತಾಗಲಿಲ್ಲ, ಇನ್ನೊಮ್ಮೆ ಹೇಳಿ’ ಅಂತ ಮೂರು ಸಲ ಕೇಳಿದರಂತೆ. ಸ್ಕೂಲಿನಲ್ಲಿ ಯಾರೂ ಹಾಗೆ ಕೇಳಲ್ಲ, ಎಲ್ಲರೂ ಗೊತ್ತಿದ್ದವರ ಹಾಗೆ ಕೂತಿರುತ್ತಾರೆ ಅಂದಳು. ನನ್ನ ಮಟ್ಟಿಗೆ ಆ ಐದು ಕ್ರೆಡಿಟ್ಟಿಗಿಂತ ಈ ಮಾತೇ ದೊಡ್ಡದು.

ಆ ಕಾಲೇಜು ಯೂನಿವರ್ಸಿಟಿ ಆಫ್ ವಾಷಿಂಗ್ಟನ್ನಿನ ಬಾತೆಲ್ ಶಾಖೆಯ ಜೊತೆ ಒಂದೇ ಆವರಣದಲ್ಲಿದೆ. ಲೈಬ್ರರಿ ಎರಡಕ್ಕೂ ಒಂದೇ. ಪಕ್ಕದಲ್ಲೇ ಜೌಗು ನೆಲ. ಚಳಿಗಾಲದಲ್ಲಿ ನಾಲ್ಕೂವರೆಗೆಲ್ಲ ಕತ್ತಲಾಗುತ್ತದೆ. ಆ ಹೊತ್ತಿಗೆ ಸುತ್ತಲಿನ ಊರುಗಳ ಕಾಗೆಗಳೆಲ್ಲ ಸಾವಿರಾರು ಸಂಖ್ಯೆಯಲ್ಲಿ ಅಲ್ಲಿಗೆ ಬಂದು ಮರಗಳಲ್ಲಿ ಕೂರುತ್ತವೆ. ನಾನು ಕಾರು ತೆಗೆದುಕೊಂಡು ಹೋದ ದಿನ ಗಲಾಟೆಗೆ ಮಾತೇ ಕೇಳಿಸುತ್ತಿರಲಿಲ್ಲ. ಅಮ್ಮನಿಗೆ ಹೇಳಿ, ಪಕ್ಷಕ್ಕೆ ಕರೆಯುವ ಕಷ್ಟ ಇಲ್ಲಿಲ್ಲ.

ಈಗ ನಿಮ್ಮ ಮೂರನೇ ಪ್ರಶ್ನೆ, ಸೀಟು. ಇದೇ ಮುಖ್ಯ. ನಮ್ಮಲ್ಲಿ ಸಿಇಟಿ ಅಂದರೆ ಪಿಯುಸಿ ಮಾರ್ಕ್ಸು ಅರ್ಧ, ಸಿಇಟಿ ಮಾರ್ಕ್ಸು ಅರ್ಧ, ಒಂದು ರ‍್ಯಾಂಕು, ಮುಗಿಯಿತು. ಇಲ್ಲಿ ರ‍್ಯಾಂಕೇ ಇಲ್ಲ. ನಾಲ್ಕು ವರ್ಷದ ಗ್ರೇಡುಗಳು, ಎಂಥ ಕಷ್ಟದ ವಿಷಯ ತೆಗೆದುಕೊಂಡಿದ್ದಾರೆ ಅನ್ನುವುದು, ಪ್ರಬಂಧ, ಸ್ಕೂಲಿನ ಹೊರಗೆ ಏನು ಮಾಡಿದ್ದಾರೆ, ಎಲ್ಲವನ್ನೂ ಒಟ್ಟಿಗೆ ಇಟ್ಟು ನೋಡುತ್ತಾರೆ. ಕಾಲೇಜು ಸೇರುವ ಮುಂಚೆ ಮಕ್ಕಳು ಬರೆಯುವ ಸ್ಯಾಟ್ ಅನ್ನುವ ಪರೀಕ್ಷೆಯನ್ನು ಎಂಐಟಿ 2022ರಲ್ಲಿ ಮತ್ತೆ ಕಡ್ಡಾಯ ಮಾಡಿತು, ನಮ್ಮ ಯೂನಿವರ್ಸಿಟಿ ಆಫ್ ವಾಷಿಂಗ್ಟನ್ ಕೇಳುವುದಿಲ್ಲ. ಹಾಗಾಗಿ ಕಾಲೇಜು ಕೋರ್ಸ್ ಮಾಡಿದ್ದು ‘ಈ ಹುಡುಗಿ ಕಷ್ಟದ್ದನ್ನು ತೆಗೆದುಕೊಂಡು ನಿಭಾಯಿಸಿದಳು’ ಅಂತ ತೋರಿಸುತ್ತದೆ, ಅಷ್ಟೇ. ಸೀಟು ಬರೆದುಕೊಡಲ್ಲ. ಕಾಲೇಜಿನ 90 ಕ್ರೆಡಿಟ್ ಮಾಡಿ ಎರಡು ವರ್ಷದ ಅಸೋಸಿಯೇಟ್ ಡಿಗ್ರಿಯನ್ನೇ ಕೈಯಲ್ಲಿ ಹಿಡಿದು ಸ್ಕೂಲು ಮುಗಿಸುವ ಮಕ್ಕಳೂ ಇದ್ದಾರೆ. ಅವರೂ ಅರ್ಜಿ ಹಾಕುವುದು ಫಸ್ಟ್ ಇಯರಿನವರ ಸಾಲಿನಲ್ಲೇ.

ಮತ್ಯಾಕೆ ಇಷ್ಟು ಒದ್ದಾಟ ಅಂತೀರಾ? ದುಡ್ಡು. ರಾಜ್ಯದ ಯೂನಿವರ್ಸಿಟಿಯಲ್ಲಿ ಇಲ್ಲಿಯವರಿಗೇ ವರ್ಷಕ್ಕೆ ಸುಮಾರು 13 ಸಾವಿರ ಡಾಲರ್ ಫೀಸು. ನಮ್ಮ ದುಡ್ಡಿನಲ್ಲಿ ಹತ್ತು ಲಕ್ಷದ ಮೇಲೆ, ಹಾಸ್ಟೆಲು ಊಟ ಬೇರೆ. ಡಿಗ್ರಿಗೆ ಕಾಲೇಜಿನ 180 ಕ್ರೆಡಿಟ್ ಬೇಕು. ಅದರಲ್ಲಿ ಒಂದು ಮೂವತ್ತು ನಲವತ್ತು ಈಗಲೇ ಮುಗಿದರೆ ಒಂದು ವರ್ಷದ ಹತ್ತಿರ ಹತ್ತಿರ ಉಳಿಯುತ್ತದೆ. ಆದರೆ ಅದು ಸೇರುವ ಕಾಲೇಜಿನ ಮೇಲೆ ನಿಂತಿದೆ. ಕ್ಯಾಲ್‌ಟೆಕ್, ಡಾರ್ಟ್‌ಮತ್ ಥರದ ಯೂನಿವರ್ಸಿಟಿಯವರು ಎಪಿ (ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್) ಅನ್ನುವ ಪರೀಕ್ಷೆಗೆ ಕ್ರೆಡಿಟ್ಟೇ ಕೊಡಲ್ಲ. ಎಷ್ಟೋ ಖಾಸಗಿ ಕಾಲೇಜುಗಳು ಸ್ಕೂಲು ಮುಗಿಸಲು ಬಳಸಿದ ಕ್ರೆಡಿಟ್ಟನ್ನು ಇನ್ನೊಮ್ಮೆ ಲೆಕ್ಕಕ್ಕೆ ಹಿಡಿಯಲ್ಲ. ಇದನ್ನು ನೋಡದೆ ಸುಮ್ನೆ ಕ್ರೆಡಿಟ್ ಕೂಡಿಡುವ ಅಪ್ಪ ಅಮ್ಮಂದಿರನ್ನು ಕಂಡರೆ ನನಗೆ ಸ್ವಲ್ಪ ಸಿಟ್ಟೇ ಬರುತ್ತದೆ. ಪಾರ್ಟಿಯಲ್ಲಿ ತಟ್ಟೆ ಹಿಡಿದುಕೊಂಡು ‘ನಿಮ್ಮವಳದ್ದು ಎಷ್ಟಾಯಿತು?’ ಅಂತ ಕೇಳುವುದೇ ಕೇಳುವುದು.

ಎಪಿ ಅಂದೆನಲ್ಲ, ಅದು ಇನ್ನೊಂದು ದಾರಿ. 1950ರ ದಶಕದಿಂದ ಇದೆ, ಕಾಲೇಜ್ ಬೋರ್ಡ್ ಅನ್ನುವ ಸಂಸ್ಥೆ ನಡೆಸುತ್ತದೆ. ಸ್ಕೂಲಿನಲ್ಲೇ ವರ್ಷಪೂರ್ತಿ ಪಾಠ, ಮೇ ತಿಂಗಳಲ್ಲಿ ಒಂದು ಪರೀಕ್ಷೆ, ಒಂದರಿಂದ ಐದರವರೆಗೆ ಅಂಕ. ಮೂರು ಬಂದರೆ ಈ ರಾಜ್ಯದ ಸರ್ಕಾರಿ ಯೂನಿವರ್ಸಿಟಿಗಳು ಸಾಮಾನ್ಯವಾಗಿ ಏನಾದರೂ ಕ್ರೆಡಿಟ್ ಕೊಡುತ್ತವೆ. ಪರೀಕ್ಷೆಗೆ ನೂರು ಡಾಲರ್ ಹತ್ತಿರ ಖರ್ಚು. ಇದರಲ್ಲಿ ಒಂದು ಅನುಕೂಲ ಇದೆ. ಅಂಕ ಕಮ್ಮಿ ಬಂದರೆ ಅರ್ಜಿಯಲ್ಲಿ ಹೇಳದೆ ಇರಬಹುದು. ರನ್ನಿಂಗ್ ಸ್ಟಾರ್ಟಿನಲ್ಲಿ ಆ ಮುಚ್ಚುಮರೆ ನಡೆಯಲ್ಲ. ಹದಿನಾರನೇ ವಯಸ್ಸಿಗೆ ಬಂದ ಗ್ರೇಡು ಕಾಲೇಜಿನ ದಾಖಲೆಯಲ್ಲಿ ಕೊನೆವರೆಗೂ ಇರುತ್ತದೆ. ಮುಂದೆ ಮೆಡಿಕಲ್‌ಗೆ ಅರ್ಜಿ ಹಾಕಿದರೂ ಅದನ್ನು ಕೊಡಲೇಬೇಕು. ನಮ್ಮ ಪರಿಚಯದವರ ಮಗ ಒಂದೇ ಸಲ ಮೂರು ಭಾರೀ ಕೋರ್ಸ್ ಹೊತ್ತುಕೊಂಡು ಎರಡರಲ್ಲಿ ಸಿ ತಂದ. ಜಾಣ ಹುಡುಗ, ಸ್ಕೂಲಿನಲ್ಲಿ ಎಲ್ಲಾ ಎ. ಈಗ ಅರ್ಜಿಗೆ ಅರ್ಜಿ ಆ ಸಿಗಳಿಗೆ ವಿವರಣೆ ಬರೆಯುತ್ತಾ ಕೂತಿದ್ದಾನೆ. ಅದಕ್ಕೇ ಪುಟ್ಟಿ ಒಂದು ಕ್ವಾರ್ಟರಿಗೆ, ಅಂದರೆ ಆ ಹನ್ನೊಂದು ವಾರದ ಅವಧಿಗೆ, ಎರಡೇ ಕೋರ್ಸ್ ಅಂತ ಮಿತಿ ಹಾಕಿಕೊಂಡಿದ್ದಾಳೆ. ನಾವು ಹೇಳಿದ್ದಲ್ಲ, ಅವಳೇ ಹಾಕಿಕೊಂಡದ್ದು.

ಇನ್ನೊಂದು ಕೇಳಿ. ಕಾಲೇಜಿನವರು ಅವಳ ಮಾರ್ಕ್ಸನ್ನು ನಮಗೆ ಹೇಳಲ್ಲ! ಫರ್ಪಾ ಅಂತ 1974ರ ಕಾನೂನು. ಕಾಲೇಜಿಗೆ ಕಾಲಿಟ್ಟರೆ, ವಯಸ್ಸು ಹದಿನಾರೇ ಇರಲಿ, ಅಲ್ಲಿನ ದಾಖಲೆ ವಿದ್ಯಾರ್ಥಿಯದ್ದು. ಸಾಮಾನ್ಯವಾಗಿ ಅವಳು ಸಹಿ ಮಾಡಿಕೊಟ್ಟರೆ ಮಾತ್ರ ಅಪ್ಪ ಅಮ್ಮನಿಗೆ ವಿಷಯ. ನಿಮ್ಮ ಅಳಿಯ ಒಮ್ಮೆ ಫೋನ್ ಮಾಡಿ ‘ನಾನು ತಂದೆ’ ಅಂದರು. ಆ ಕಡೆಯವರು ತುಂಬಾ ಮರ್ಯಾದೆಯಿಂದ ‘ಮಗಳನ್ನೇ ಕೇಳಿ’ ಅಂದರಂತೆ. ನೀವು ಪೇಪರ್ ತಿದ್ದುತ್ತಿದ್ದ ಕಾಲದಲ್ಲಿ ಜಗಲಿ ಮೇಲೆ ಬಂದು ಕೂರುತ್ತಿದ್ದ ಪೋಷಕರನ್ನು ನೆನೆಸಿಕೊಂಡು ನಾನು ನಕ್ಕಿದ್ದೇ ನಕ್ಕಿದ್ದು.

ಒಂದು ಖುಷಿಯ ಸುದ್ದಿ ಕೊನೆಗೆ ಅಂತ ಇಟ್ಟಿದ್ದೆ. ಕಾಲೇಜಿಗೆ ಹೋಗಲು ಪುಟ್ಟಿಗೆ ದಿನದಲ್ಲಿ ಜಾಗ ಸಿಕ್ಕಿದ್ದು ಕನ್ನಡದಿಂದ. ಇಲ್ಲಿ ಯೂನಿವರ್ಸಿಟಿ ಸೇರಲು ಬೇರೆ ಭಾಷೆಯೊಂದನ್ನು ಎರಡು ವರ್ಷದ ಮಟ್ಟಕ್ಕೆ ಕಲಿತಿರಬೇಕು. ಮಕ್ಕಳೆಲ್ಲ ಸ್ಪ್ಯಾನಿಷ್ ತೆಗೆದುಕೊಳ್ಳುತ್ತಾರೆ. ಆದರೆ ಮನೆಮಾತು ಬರುವವರು ಪರೀಕ್ಷೆ ಕೊಟ್ಟು ಸ್ಕೂಲಿನ ನಾಲ್ಕು ಕ್ರೆಡಿಟ್‌ವರೆಗೆ ಪಡೆಯಬಹುದು. ಸ್ಟ್ಯಾಂಪ್ ಅನ್ನುವ ಪರೀಕ್ಷೆ, ಅದರಲ್ಲಿ ಕನ್ನಡವೂ ಇದೆ. ಬರೆಯುವುದು ಮತ್ತು ಮಾತಾಡುವುದು. ಮಾತು ಅವಳಿಗೆ ಸಲೀಸು, ಬರೆಯುವುದೇ ಕಷ್ಟ. ಒತ್ತಕ್ಷರ ಬಂದರೆ ಇನ್ನೂ ತಡವರಿಸುತ್ತಾಳೆ, ‘ಅಜ್ಜಿ’ ಸರಿಯಾಗಿ ಬರೆದು ‘ಅಕ್ಕಿ’ಗೆ ಜ ಒತ್ತು ಹಾಕಿದ್ದಳು! ನೀವು ರಜೆಯಲ್ಲಿ ಅವಳಿಗೆ ಕಾಪಿ ಬರೆಸಿದ್ದು, ಇಲ್ಲಿನ ಸಹ್ಯಾದ್ರಿ ಕನ್ನಡ ಸಂಘದವರ ಒಡನಾಟ, ಎರಡೂ ಕೆಲಸಕ್ಕೆ ಬಂದವು. ಮೂರು ಕ್ರೆಡಿಟ್ ಬಂತು. ಸ್ಪ್ಯಾನಿಷಿನ ಪೀರಿಯಡ್ಡು ಖಾಲಿಯಾಯಿತು, ಆ ಹೊತ್ತಿನಲ್ಲೇ ಈಗ ಬಸ್ಸು ಹತ್ತುವುದು.

ಮುಂದಿನದ್ದು ಬೇಸಿಗೆಯಲ್ಲಿ. ಕಾಮನ್ ಆ್ಯಪ್ ಅಂತ ಒಂದೇ ಅರ್ಜಿಯಲ್ಲಿ ಬಹಳ ಕಾಲೇಜುಗಳಿಗೆ ಕಳಿಸಬಹುದು, ಆಗಸ್ಟ್ 1ಕ್ಕೆ ತೆರೆಯುತ್ತದೆ. ಅದರ ಪ್ರಬಂಧ 650 ಪದ ಮೀರಬಾರದು. ಪುಟ್ಟಿ ಏನು ಬರೆಯಬೇಕು ಅಂತ ಮನೆಯಲ್ಲಿ ದಿನಾ ಚರ್ಚೆ. ಅಜ್ಜನ ಅಡಿಕೆ ತೋಟದ ಬಗ್ಗೆ ಬರಿ ಅಂದೆ. ‘ಎಲ್ಲಾ ಇಂಡಿಯನ್ ಮಕ್ಕಳೂ ಅಜ್ಜನ ಬಗ್ಗೇನೇ ಬರೀತಾರಮ್ಮ’ ಅಂದಳು. ಫೋರ್ಕ್‌ಲಿಫ್ಟಿನವರ ಬಗ್ಗೆ ಬರೆಯುವ ಯೋಚನೆ ಇದೆಯಂತೆ. ಬೇಜಾರು ಮಾಡಿಕೊಳ್ಳಬೇಡಿ.

ತಮ್ಮ ತನ್ನ ಮಗನಿಗೂ ಎಪಿ ಬರೆಸೋಣವಾ ಅಂತ ಕೇಳಿದ್ದ. ಬೆಂಗಳೂರಿನ ಕೆಲವು ಶಾಲೆಗಳಲ್ಲಿ ಅದು ಇದೆ ನಿಜ. ಹುಡುಗ ಡಿಗ್ರಿಗೇ ಹೊರದೇಶಕ್ಕೆ ಹೋಗುವುದಾದರೆ ಸರಿ, ಅಲ್ಲೇ ಊರಲ್ಲಿ ಇಂಜಿನಿಯರಿಂಗ್ ಮಾಡುವುದಾದರೆ ಸಿಇಟಿಗೆ ಅದರಿಂದ ಕವಡೆ ಪ್ರಯೋಜನ ಇಲ್ಲ. ಆ ದುಡ್ಡಿಗೆ ಅವನಿಗೊಂದು ಸೈಕಲ್ ಕೊಡಿಸಲಿ ಅಂತ ಹೇಳಿ.

ಏಪ್ರಿಲ್‌ನಿಂದ ಪುಟ್ಟಿಗೆ ಮ್ಯಾತ್ 152, ಅಂದರೆ ಇಂಟಿಗ್ರೇಷನ್. ನಮ್ಮ ಭಾನುವಾರ ಸಂಜೆ ಏಳಕ್ಕೆ, ನಿಮಗೆ ಸೋಮವಾರ ಬೆಳಿಗ್ಗೆ ಏಳೂವರೆಗೆ, ವೀಡಿಯೋ ಕಾಲ್ ಮಾಡುತ್ತಾಳಂತೆ. ತಿಂಡಿ ಮುಗಿಸಿಕೊಂಡು ಸ್ಲೇಟೋ ಹಾಳೆಯೋ ಹತ್ತಿರ ಇಟ್ಟುಕೊಂಡಿರಿ. ಬೈ ಪಾರ್ಟ್ಸ್ ಹೇಳಿಕೊಡುವಾಗ ಮಾತ್ರ ಸ್ವಲ್ಪ ನಿಧಾನ. ನನಗೆ ಹೇಳಿಕೊಟ್ಟ ಸ್ಪೀಡು ಬೇಡ.

ಅತ್ತಿಗೆಗೆ, ಪಕ್ಕದ ಮನೆಯವರಿಗೆಲ್ಲ ನಮಸ್ಕಾರ ತಿಳಿಸಿ. ಪಕ್ಕದ ಮನೆಯವರಿಗೆ ಪುಟ್ಟಿ ಸ್ಕೂಲು ಬಿಟ್ಟಿಲ್ಲ ಅನ್ನುವುದನ್ನೂ ತಿಳಿಸಿ.

ಇಂತಿ ನಿಮ್ಮ ಪ್ರೀತಿಯ ಮಗಳು