ವಲಸಿಗರ ಕಥೆಯನ್ನು ಕಥೆಯಾಗಿಯೇ ಓದೋಣ

ಮಾನ್ಯ ಸಂಪಾದಕರೇ,

ಪಾಶ್ಚಾತ್ಯ ದೇಶಗಳಿಗೆ ವಲಸೆ ಹೋದ ಮುಸ್ಲಿಮರ ಬದುಕನ್ನು ಕುರಿತ ಕಾದಂಬರಿಗಳನ್ನು ಪರಿಚಯಿಸುವಾಗ ನಮ್ಮ ಪತ್ರಿಕೆಗಳ ಪುಸ್ತಕ ವಿಮರ್ಶೆಗಳು ಭಯೋತ್ಪಾದನೆ ಮತ್ತು ಬುರ್ಖಾದಾಚೆಗೆ ಹೋಗುವುದು ಅಪರೂಪ. ಇದರಿಂದ ಕೃತಿಯ ಜೀವಾಳವೇ ಓದುಗರಿಗೆ ತಪ್ಪಿಹೋಗುತ್ತಿದೆ.

ಮೋನಿಕಾ ಅಲಿ ಅವರ ‘ಬ್ರಿಕ್ ಲೇನ್’ (2003) ಕಾದಂಬರಿಯ ನಜ್ನೀನ್ ಬಾಂಗ್ಲಾದೇಶದ ಹಳ್ಳಿಯಿಂದ ಮದುವೆಯಾಗಿ ಲಂಡನ್ನಿಗೆ ಬಂದವಳು. ಮೊದಮೊದಲು ಆಕೆಗೆ ಬರುವ ಇಂಗ್ಲಿಷ್ ಎಂದರೆ ‘ಸಾರಿ’ ಮತ್ತು ‘ಥ್ಯಾಂಕ್ ಯೂ’ ಅಷ್ಟೇ. ಮನೆಯಲ್ಲೇ ಕೂತು ಬಟ್ಟೆ ಹೊಲಿದು ನಾಲ್ಕು ಕಾಸು ಸಂಪಾದಿಸತೊಡಗಿದ ಮೇಲೆ ಆಕೆ ತನ್ನ ಬದುಕನ್ನು ತಾನೇ ನಿರ್ಧರಿಸುವ ಹೆಣ್ಣಾಗುತ್ತಾಳೆ. ಆ ಬದಲಾವಣೆಯೇ ಕಾದಂಬರಿ. ಧರ್ಮ ಅದರೊಳಗಿನ ಒಂದು ಎಳೆ ಮಾತ್ರ.

2018ರಲ್ಲಿ ಬ್ರಿಟನ್ನಿನ ಮಹಿಳಾ ಸಾಹಿತ್ಯ ಪ್ರಶಸ್ತಿ ಪಡೆದ, ಕಮಿಲಾ ಶಮ್ಸಿ ಅವರ ‘ಹೋಮ್ ಫೈರ್’ನಲ್ಲಿ ತಮ್ಮನೊಬ್ಬ ಉಗ್ರ ಸಂಘಟನೆ ಸೇರುವುದು ನಿಜ. ಆದರೆ ನನ್ನನ್ನು ಹೆಚ್ಚು ಕಾಡಿದ್ದು ಮೊದಲ ಪುಟಗಳು. ವಲಸಿಗ ಕುಟುಂಬದ ಇಸ್ಮಾ ಅಮೆರಿಕಕ್ಕೆ ಹೊರಟಾಗ ಯಾರಿಗೂ ಅನುಮಾನ ಬಾರದಿರಲೆಂದು ಪೆಟ್ಟಿಗೆಯಲ್ಲಿ ಕುರಾನ್ ಇಡುವುದಿಲ್ಲ, ಮನೆಯವರ ಫೋಟೊಗಳನ್ನೂ ಇಡುವುದಿಲ್ಲ. ಆದರೂ ಲಂಡನ್ ವಿಮಾನ ನಿಲ್ದಾಣದ ವಿಚಾರಣೆ ಮುಗಿಯುವಷ್ಟರಲ್ಲಿ ವಿಮಾನ ಹೊರಟುಹೋಗಿರುತ್ತದೆ. ತನ್ನವರ ಚಿತ್ರವನ್ನೂ ಬಿಟ್ಟು ಹೊರಡಬೇಕಾದವಳ ಸಂಕಟ ಯಾವ ವರದಿಯಲ್ಲಿ ಸಿಕ್ಕೀತು?

ಇಂಥ ಕೃತಿಗಳನ್ನು ವಿಮರ್ಶಿಸುವಾಗ ಪಾತ್ರಗಳ ದುಡಿಮೆ, ಭಾಷೆ, ಮನೆಯೊಳಗಿನ ಸಂಬಂಧಗಳ ಬಗ್ಗೆಯೂ ಬರೆಸಬೇಕು. ಜೊತೆಗೆ, ಅನುಮತಿ ಪಡೆದು ಒಂದೊಂದು ಅಧ್ಯಾಯದ ಕನ್ನಡ ಅನುವಾದವನ್ನು ಭಾನುವಾರದ ಪುರವಣಿಯಲ್ಲಿ ಪ್ರಕಟಿಸಬೇಕೆಂದು ಕೋರುತ್ತೇನೆ.

– ಒಬ್ಬ ಓದುಗ